ಸಂಜೆಯ ಒಂದು ಗಂಟೆಗೊಂದು ವಾಲಿಬಾಲ್ ಕೋರ್ಟ್: ಜಾಗ ಅಳೆಯುವುದರಿಂದ ನಾಲ್ಕನೇ ವಾರದವರೆಗೆ

ಸುಗ್ಗಿ ಮುಗಿದ ಗದ್ದೆಯಲ್ಲೋ ಶಾಲೆಯ ಹಿಂದಿನ ಬಯಲಲ್ಲೋ ನೆಟ್ ಕಟ್ಟಿದ ಮೊದಲ ಸಂಜೆ ಇಪ್ಪತ್ತು ಜನ ಸೇರುತ್ತಾರೆ. ನಾಲ್ಕನೇ ವಾರಕ್ಕೆ ಎಂಟು ಜನ. ಆಮೇಲೆ ಕಂಬ ಒಳಕ್ಕೆ ವಾಲುತ್ತದೆ, ನೆಟ್ ಜೋತುಬೀಳುತ್ತದೆ, ಒಂದು ದಿನ ಅದರ ಮೇಲೆ ಯಾರದೋ ಪಂಚೆ ಒಣಗುತ್ತಿರುತ್ತದೆ. ಊರಿನವರಿಗೆ ಆಸಕ್ತಿಯೇ ಇಲ್ಲ ಎಂದು ದೂರಿ ಮುಗಿಸುವುದು ವಾಡಿಕೆ. ಆದರೆ ಹೀಗಾಗುವ ಕಡೆ ಹೋಗಿ ಹತ್ತು ನಿಮಿಷ ನಿಂತು ನೋಡಿ: ಚೆಂಡೆಲ್ಲ ಚೆನ್ನಾಗಿ ಆಡುವ ಮೂರ್ನಾಲ್ಕು ಜನರ ಕೈಗೇ ಹೋಗುತ್ತಿರುತ್ತದೆ. ಉಳಿದವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ನಿಲ್ಲುವುದಕ್ಕೆಂದು ಯಾರೂ ವಾರಗಟ್ಟಲೆ ಬರುವುದಿಲ್ಲ.

ಈ ಆಟ ಹುಟ್ಟಿದ್ದೇ ಬಿಡುವಿನ ವೇಳೆಗೆ. 1895ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನ ಕ್ರೈಸ್ತ ಯುವಕರ ಸಂಘ ವೈಎಂಸಿಎಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ವಿಲಿಯಂ ಮಾರ್ಗನ್ ಅವರ ಹತ್ತಿರ ನಡುವಯಸ್ಸಿನ ವ್ಯಾಪಾರಸ್ಥರು ಬರುತ್ತಿದ್ದರು. ಆಗಷ್ಟೇ ಬಂದಿದ್ದ ಬ್ಯಾಸ್ಕೆಟ್‌ಬಾಲ್‌ನ ಓಟ, ನೂಕಾಟ ಅವರಿಗೆ ಭಾರವಾಗುತ್ತಿತ್ತು. ಅದಕ್ಕೆ ಮಾರ್ಗನ್ ಆರೂವರೆ ಅಡಿ ಎತ್ತರಕ್ಕೆ ನೆಟ್ ಕಟ್ಟಿ ಹೊಸ ಆಟ ಮಾಡಿದರು. ತಂಡದಲ್ಲಿ ಎಷ್ಟು ಜನ ಬೇಕಾದರೂ ಇರಬಹುದಿತ್ತು, ಚೆಂಡನ್ನು ಎಷ್ಟು ಸಲ ಬೇಕಾದರೂ ಮುಟ್ಟಬಹುದಿತ್ತು. ಎಂಟಡಿ ನೆಟ್ಟೂ ಮೂರು ಟಚ್ಚಿನ ಕಟ್ಟಳೆಯೂ ಸ್ಪರ್ಧೆಗಾಗಿ ಆಮೇಲೆ ಬಂದವು. ನಿಮ್ಮ ಸಂಜೆಯ ಆಟಕ್ಕೆ ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮ್ಮ ಕೈಯಲ್ಲೇ ಇದೆ.

ಇಲ್ಲಿರುವುದು ಹತ್ತರಿಂದ ಹದಿನಾರು ಜನರ, ಹದಿನೈದರಿಂದ ಅರವತ್ತು ವಯಸ್ಸಿನ ಬೆರಕೆ ಗುಂಪಿಗೆ ಹೊಂದುವ ವಿಧಾನ. ಟೂರ್ನಮೆಂಟ್ ತಂಡ ಕಟ್ಟುವವರಿಗೆ ಇದು ಸಾಲದು.

ಜಾಗ ನೋಡುವುದು

ಕೋರ್ಟಿನ ಅಳತೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಂದರೆ ಸುಮಾರು 59 ಅಡಿಗೆ ಇಪ್ಪತ್ತೊಂಬತ್ತೂವರೆ ಅಡಿ. ಸುತ್ತ 3 ಮೀಟರ್ ಖಾಲಿ ಬಿಟ್ಟರೆ ಬೇಕಾಗುವುದು 24 x 15 ಮೀಟರ್, ಲೆಕ್ಕ ಹಾಕಿದರೆ ಮೂರೂವರೆ ಗುಂಟೆ. ಜಾಗ ಸಾಲದಿದ್ದರೆ ಸುತ್ತಲಿನ ಖಾಲಿಯನ್ನು 2 ಮೀಟರಿಗೆ ಇಳಿಸಿ, ಮೂರು ಗುಂಟೆಯೊಳಗೆ ಮುಗಿಯುತ್ತದೆ. ಅದಕ್ಕಿಂತ ಕಡಿಮೆ ಮಾಡುವ ಬದಲು ಕೋರ್ಟನ್ನೇ ಕಿರಿದು ಮಾಡುವುದು ಲೇಸು. ಮೇಲೆ ನೋಡುತ್ತಾ ಹಿಂದಕ್ಕೆ ಓಡುವವರಿಗೆ ಗೆರೆಯಾಚೆಯ ಕಲ್ಲುಕಂಬದ ಬೇಲಿ ಕಾಣುವುದಿಲ್ಲ.

ಉದ್ದ ಉತ್ತರ–ದಕ್ಷಿಣವಾಗಿರಲಿ. ಪೂರ್ವ–ಪಶ್ಚಿಮವಾದರೆ ಸಂಜೆ ಐದೂವರೆಗೆ ಒಂದು ಕಡೆಯವರ ಕಣ್ಣಿಗೆ ಬಿಸಿಲು ನೇರ ಹೊಡೆಯುತ್ತದೆ. ಗದ್ದೆಯ ಅಂಚು ಹಾಗೇ ಇದೆ, ಬೇರೆ ದಾರಿಯಿಲ್ಲ ಎಂದಾದರೆ ಎಂಟು ಪಾಯಿಂಟಿಗೊಮ್ಮೆ ಕೋರ್ಟಿನ ಬದಿ ಬದಲಿಸಿ.

ಇನ್ನು ಮೂರು ವಿಷಯದಲ್ಲಿ ರಾಜಿ ಬೇಡ. ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು. ಹತ್ತಿರದಲ್ಲಿ ಕಟ್ಟೆಯಿಲ್ಲದ ಬಾವಿ ಇರಬಾರದು. ಚೆಂಡು ಉರುಳಿ ಡಾಂಬರು ರಸ್ತೆಗೆ ಇಳಿಯುವಂತಿದ್ದರೆ ಆ ಬದಿಗೆ ಹಳೇ ಮೀನುಬಲೆಯನ್ನೋ ಶೇಡ್ ನೆಟ್ಟನ್ನೋ ಕಟ್ಟಲೇಬೇಕು, ಯಾಕೆಂದರೆ ಚೆಂಡಿನ ಹಿಂದೆ ಓಡುವುದು ಯಾವಾಗಲೂ ಮಕ್ಕಳೇ. ಶಾಲೆಯ ಜಾಗವಾದರೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಿಂದ, ಊರೊಟ್ಟಿನ ಜಾಗವಾದರೆ ಗ್ರಾಮ ಪಂಚಾಯಿತಿಯಿಂದ ಬರೆದ ಒಪ್ಪಿಗೆ ಪಡೆಯಿರಿ. ಕಾಂಕ್ರೀಟ್ ಹಾಕಿದ ಮೇಲೆ ಕಂಬ ಕೀಳುವ ಜಗಳ ಯಾರಿಗೂ ಬೇಡ.

ನೆಲ

ಕೆಂಪುಮಣ್ಣಾದರೆ ಅದೃಷ್ಟ. ಹುಲ್ಲು ಕೆತ್ತಿ, ಮೇಲಿನ ಐದಾರು ಸೆಂ.ಮೀ. ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ. ಸಂಜೆ ನೀರು ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ನೋಡಿ: ಉಂಡೆಯಾಗಿ ನಿಲ್ಲಬೇಕು, ಮುರಿದರೆ ಎರಡು ಹೋಳಾಗಬೇಕು, ಕೈಗೆ ಮೆತ್ತಿಕೊಳ್ಳಬಾರದು. ಆ ಹದದಲ್ಲಿ ರೋಲರ್ ಹೊಡೆಯಿರಿ, ಇಲ್ಲವೇ ದಿಮ್ಮಸು ಹಾಕಿ. ಕರಾವಳಿಯಲ್ಲಿ ಅಂಗಳ ಮಾಡುವ ಪೆಟ್ಟುಮಣೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆಸರಿನಂತಿರುವಾಗಲೇ ಅವಸರಪಟ್ಟು ರೋಲರ್ ಹೊಡೆದರೆ ಒಣಗಿದ ಮೇಲೆ ಹಪ್ಪಳದಂತೆ ಏಳುತ್ತದೆ.

ಎರೆಮಣ್ಣಿನ ಸೀಮೆಯಲ್ಲಿ ಇಷ್ಟು ಸಾಲದು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಒಂದು ಮಳೆ ಬಿದ್ದರೆ ಅಂಟು. ಮೇಲೆ 10 ಸೆಂ.ಮೀ. ದಪ್ಪಕ್ಕೆ ಗರಸು ಹರಡಬೇಕು. 24 x 15 ಮೀಟರಿಗೆ ಇದು 36 ಘನ ಮೀಟರ್, ಟ್ರ್ಯಾಕ್ಟರ್ ಟ್ರೇಲರಿನ ಹನ್ನೆರಡಕ್ಕೂ ಹೆಚ್ಚು ಲೋಡು. ಅಷ್ಟು ಆಗದಿದ್ದರೆ ಕೋರ್ಟಿಗೆ ಮತ್ತು ಸುತ್ತ ಒಂದು ಮೀಟರಿಗೆ ಮಾತ್ರ ಹಾಕಿ, 22 ಘನ ಮೀಟರಿನಲ್ಲಿ ಮುಗಿಯುತ್ತದೆ.

ನೀರು ಹರಿಯಲು ಸಣ್ಣ ಇಳಿಜಾರು ಬೇಕು: ಮೀಟರಿಗೆ 5 ಮಿ.ಮೀ. ನೆಟ್ಟಿನ ಕೆಳಗಿನ ನಡುಗೆರೆ ಎತ್ತರದಲ್ಲಿದ್ದು, ಎರಡೂ ಕೊನೆಗಳು ಅದಕ್ಕಿಂತ ನಾಲ್ಕೂವರೆ ಸೆಂ.ಮೀ. ತಗ್ಗಿನಲ್ಲಿರಲಿ. ಗಾರೆ ಕೆಲಸದವರ ನೀರಿನ ಟ್ಯೂಬಿನಲ್ಲಿ ಅರ್ಧ ಗಂಟೆಯಲ್ಲಿ ಮಟ್ಟ ನೋಡಿಬಿಡಬಹುದು. ಆಡುವವರಿಗೆ ಈ ಇಳಿಜಾರು ಗೊತ್ತೇ ಆಗುವುದಿಲ್ಲ, ಮಳೆನೀರಿಗೆ ಗೊತ್ತಾಗುತ್ತದೆ.

ಬಹಳ ಜನ ಮಾಡುವ ತಪ್ಪು ಒಂದಿದೆ. ಗಟ್ಟಿ ನೆಲದ ಮೇಲೆ ‘ಮೆತ್ತಗಿರಲಿ’ ಎಂದು ತೆಳ್ಳಗೆ ಮರಳು ಉದುರಿಸುತ್ತಾರೆ. ಗಟ್ಟಿ ನೆಲದ ಮೇಲಿನ ಬಿಡಿ ಮರಳು ಪಾದದಡಿ ಗೋಲಿಯಂತೆ ಉರುಳುತ್ತದೆ, ಜಾರಿ ಬೀಳುವುದು ಖಚಿತ. ಮರಳು ಬೇಕಿದ್ದರೆ ಅಡಿ ಆಳ ಬೇಕು, ಇಲ್ಲವಾದರೆ ಬೇಡವೇ ಬೇಡ. ಧೂಳಿನ ಕಾಟವಿದ್ದರೆ ತೆಳು ಸಗಣಿನೀರು ಬಳಿದು ಪೂರ್ತಿ ಒಣಗಲು ಬಿಡಿ. ಹಸಿಯಿದ್ದಾಗ ಅದೂ ಜಾರುತ್ತದೆ.

ಗೆರೆ ಹಾಕುವ ಕ್ರಮ

ಬಟ್ಟೆಯ ಟೇಪು ಹಿಗ್ಗುತ್ತದೆ. ಸ್ಟೀಲ್ ಅಥವಾ ಫೈಬರ್ ಟೇಪು, ನಾಲ್ಕು ಗೂಟ, ಹಿಗ್ಗದ ಹಗ್ಗ, ಮೂರು ಜನ ಇದ್ದರೆ ಸಾಕು.

1. ಒಂದು ಪಕ್ಕದ ಗೆರೆಗೆ ಹಗ್ಗ ಬಿಗಿದು 18 ಮೀಟರ್ ಅಳೆದು ಎರಡು ಕೊನೆಗೂ ಗೂಟ ಹೊಡೆಯಿರಿ.

2. ಮೊದಲ ಗೂಟದಿಂದ ಅದೇ ಗೆರೆಯ ಮೇಲೆ 3 ಮೀಟರಿಗೆ ಗುರುತು ಹಾಕಿ. ಅಡ್ಡಕ್ಕೆ 4 ಮೀಟರ್ ಹಗ್ಗ ಎಳೆದು, ಆ ತುದಿಯಿಂದ 3 ಮೀಟರ್ ಗುರುತಿಗೆ ಸರಿಯಾಗಿ 5 ಮೀಟರ್ ಬರುವವರೆಗೆ ಹಗ್ಗವನ್ನು ಆಚೀಚೆ ಸರಿಸಿ. ಮನೆಗೆ ಪಾಯ ಹಾಕುವಾಗ ಮೇಸ್ತ್ರಿ ಮೂಲೆ ನೋಡುವುದೂ ಹೀಗೆಯೇ. ಅದೇ ದಿಕ್ಕಿನಲ್ಲಿ 9 ಮೀಟರಿಗೆ ಎಳೆದು ಗೂಟ ಹೊಡೆಯಿರಿ.

3. ಇನ್ನೊಂದು ಕೊನೆಗೂ ಹೀಗೇ ಮಾಡಿ. ಈಗ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ: ಎರಡೂ 20 ಮೀಟರ್ 12 ಸೆಂ.ಮೀ. ಬರಬೇಕು. ಐದಾರು ಸೆಂ.ಮೀ. ವ್ಯತ್ಯಾಸ ಬಂದರೆ ಎರಡನೇ ಹೆಜ್ಜೆಗೆ ಹಿಂತಿರುಗಿ.

4. ಉದ್ದದ ನಡುವೆ 9 ಮೀಟರಿಗೆ ನಡುಗೆರೆ. ಅದರಿಂದ ಎರಡೂ ಬದಿಗೆ 3 ಮೀಟರಿನಲ್ಲಿ ಅಟ್ಯಾಕ್ ಲೈನ್ (ಹಿಂದಿನ ಸಾಲಿನವರು ಹಾರಿ ಹೊಡೆಯಲು ದಾಟಬಾರದ ಗೆರೆ).

ಗೆರೆಯ ಅಗಲ 5 ಸೆಂ.ಮೀ., ಅದು ಕೋರ್ಟಿನ ಒಳಗೇ ಸೇರಿದ್ದು. ಗೆರೆಗೆ ತಾಗಿದ ಚೆಂಡು ಒಳಗೆ ಬಿದ್ದಂತೆ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ, ಅರ್ಧ ಜಗಳ ತಪ್ಪುತ್ತದೆ. ಹಸಿ ಸುಣ್ಣ, ಸುಟ್ಟ ಸುಣ್ಣ ಯಾವುದನ್ನೂ ಹಾಕಬೇಡಿ, ಬಿದ್ದು ಎದ್ದವರ ಕಣ್ಣಿಗೆ ಹೋದರೆ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು, ಆದರೆ ದಿನವೂ ಹಾಕಬೇಕು. ಬೇಸತ್ತವರಿಗೆ ಮಂಚಕ್ಕೆ ಹೆಣೆಯುವ ಎರಡಿಂಚಿನ ನವಾರ ಪಟ್ಟಿ ಸರಿಯಾದ ಉಪಾಯ, ಅದರ ಅಗಲವೂ ಹೆಚ್ಚೂಕಡಿಮೆ 5 ಸೆಂ.ಮೀ.! ಸುತ್ತಳತೆ 54, ನಡುಗೆರೆ 9, ಅಟ್ಯಾಕ್ ಲೈನ್ ಎರಡು ಸೇರಿ 18, ಒಟ್ಟು 81 ಮೀಟರ್ ಬೇಕು. ಮೊಳೆ ಹೊಡೆಯಬೇಡಿ, ವಾರದಲ್ಲಿ ತಲೆಯೆತ್ತಿ ಪಾದ ಸೀಳುತ್ತದೆ. ದಪ್ಪ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ, ಅಂಗೈಯಷ್ಟು ಆಳ ಇಳಿಸಿ.

ಕಂಬ ಮತ್ತು ನೆಟ್

ಮೂರಿಂಚಿನ ಜಿಐ ಪೈಪು ಮಾರುಕಟ್ಟೆಯಲ್ಲಿ 6 ಮೀಟರ್ ಉದ್ದಕ್ಕೆ ಸಿಗುತ್ತದೆ. ಒಂದೇ ಪೈಪು ತಂದು ನಡುವೆ ಕತ್ತರಿಸಿ, ಅರ್ಧ ಮೀಟರ್ ಹೂತು, ಎರಡೂವರೆ ಮೀಟರ್ ಮೇಲೆ ಬಿಡುವುದು ರೂಢಿ. ನೆಟ್ ಬಿಗಿದಂತೆ ಕಂಬಗಳು ಒಳಕ್ಕೆ ವಾಲುವುದು ಈ ಉಳಿತಾಯದಿಂದಲೇ. ಕಂಬದ ಉದ್ದ 3.3 ಮೀಟರ್ ಇರಲಿ: 75 ಸೆಂ.ಮೀ. ನೆಲದೊಳಗೆ, 2.55 ಮೀಟರ್ ಮೇಲೆ. ಪಕ್ಕದ ಗೆರೆಯಿಂದ 1 ಮೀಟರ್ ಹೊರಗೆ ನಿಲ್ಲಿಸಿ. ಗೆರೆಗೇ ತಾಗಿಸಿ ನಿಲ್ಲಿಸಿದರೆ ಒಂದಲ್ಲ ಒಂದು ದಿನ ಯಾರದೋ ಭುಜ ಅದಕ್ಕೆ ಬಡಿಯುತ್ತದೆ.

ಗುಂಡಿ 45 x 45 ಸೆಂ.ಮೀ., ಆಳ 85 ಸೆಂ.ಮೀ. ತಳಕ್ಕೆ 10 ಸೆಂ.ಮೀ. ಕಲ್ಲುಚೂರು ಹಾಕಿ ಕುಟ್ಟಿ, ಅದರ ಮೇಲೆ ಪೈಪು ನಿಲ್ಲಿಸಿ. ಪೈಪಿನೊಳಗಿನ ನೀರು ಕೆಳಗೆ ಇಂಗಿ ಹೋಗಬೇಕು, ಇಲ್ಲದಿದ್ದರೆ ಬುಡದಲ್ಲೇ ತುಕ್ಕು. ಪೈಪಿನ ಕೆಳತುದಿಗೆ ಒಂದಡಿ ಕಬ್ಬಿಣದ ಸರಳನ್ನು ಅಡ್ಡವಾಗಿ ವೆಲ್ಡ್ ಮಾಡಿಸಿದರೆ ಅದು ಕಾಂಕ್ರೀಟಿನೊಳಗೆ ತಿರುಗುವುದಿಲ್ಲ. ಕಾಂಕ್ರೀಟ್ 1:2:4 (ಸಿಮೆಂಟ್, ಮರಳು, ಜಲ್ಲಿ), ಮುಕ್ಕಾಲು ಇಂಚಿನ ಜಲ್ಲಿ, ಒಂದು ಗುಂಡಿಗೆ ಒಂದು ಮೂಟೆ ಸಿಮೆಂಟ್ ಲೆಕ್ಕ. ತೂಗುಗುಂಡಿನಿಂದ ನೇರ ನೋಡಿ, ಆಮೇಲೆ ತುದಿಯನ್ನು ಎರಡು ಬೆರಳಷ್ಟು ಹೊರಕ್ಕೆ ಓರೆ ಮಾಡಿ. ನೆಟ್ ಎಳೆದಾಗ ಸರಿಹೋಗುತ್ತದೆ. ಏಳು ದಿನ ನೀರು ಹಾಕಿ, ಎರಡು ವಾರ ನೆಟ್ ಕಟ್ಟಬೇಡಿ. ಈ ಎರಡು ವಾರ ಕಾಯುವ ತಾಳ್ಮೆ ಇಲ್ಲದ್ದಕ್ಕೇ ಅಲ್ಲಾಡುವ ಕಂಬಗಳು ಊರೂರಲ್ಲಿವೆ. ಕಂಬಕ್ಕೆ ಹೊರಗಿನಿಂದ ತಂತಿ ಎಳೆದು ಗೂಟಕ್ಕೆ ಕಟ್ಟುವುದು ಬೇಡ, ಕತ್ತಲಾದಾಗ ಕಾಲಿಗೆ ಸಿಕ್ಕಿ ಬೀಳುವುದು ಅದಕ್ಕೇ. ಸುಗ್ಗಿಗದ್ದೆಯ ಎರಡು ತಿಂಗಳ ಆಟಕ್ಕಾದರೆ ಬಲಿತ ಅಡಕೆ ಮರದ ಕಂಬ ಸಾಕು, ಅದನ್ನೂ ಎರಡೂವರೆ ಅಡಿ ಹೂಳಿ. ಗೆದ್ದಲು ಹಿಡಿಯುವ ಹೊತ್ತಿಗೆ ಸೀಸನ್ ಮುಗಿದಿರುತ್ತದೆ.

ನೆಟ್ ಒಂದು ಮೀಟರ್ ಅಗಲ, ಒಂಬತ್ತೂವರೆಯಿಂದ ಹತ್ತು ಮೀಟರ್ ಉದ್ದ. ಮೇಲಿನ ಪಟ್ಟಿಯೊಳಗೆ ನೈಲಾನ್ ಹಗ್ಗದ ಬದಲು ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ಕೇಬಲ್ ಹಾಕಿ, ಒಂದು ತುದಿಗೆ ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಇಡಿ. ನೈಲಾನ್ ದಿನವೂ ಹಿಗ್ಗುತ್ತದೆ. ಎತ್ತರವನ್ನು ಅಳೆಯಬೇಕಾದ್ದು ಕಂಬದ ಹತ್ತಿರವಲ್ಲ, ನಡುವಿನಲ್ಲಿ. ಪಕ್ಕದ ಗೆರೆಗಳ ಮೇಲೆ ಅದು ನಡುವಿಗಿಂತ 2 ಸೆಂ.ಮೀ.ಗಿಂತ ಹೆಚ್ಚು ಎತ್ತರ ಇರಬಾರದು. ಒಂದು ಬಿದಿರುಕೋಲಿಗೆ ಗುರುತು ಹಾಕಿ ಕಂಬದ ಪಕ್ಕ ಇಟ್ಟುಬಿಡಿ.

ಈಗ ಎತ್ತರದ ಮಾತು. ಪುರುಷರ ಸ್ಪರ್ಧೆಗೆ 2.43 ಮೀಟರ್, ಮಹಿಳೆಯರಿಗೆ 2.24. ಐದೂವರೆ ಅಡಿಯ ಮನುಷ್ಯ ಕೈಯೆತ್ತಿದರೆ ಬೆರಳ ತುದಿ ಹೆಚ್ಚೂಕಡಿಮೆ 2.15 ಮೀಟರ್ ಮುಟ್ಟುತ್ತದೆ. 2.43ಕ್ಕೆ ಕಟ್ಟಿದರೆ ನೆಟ್ಟಿನ ಹತ್ತಿರ ಏನಾದರೂ ಮಾಡಲು ಒಂದೂವರೆ ಅಡಿ ಹಾರುವವರು ಬೇಕು, ಗುಂಪಿನಲ್ಲಿ ಅಂಥವರು ಇಬ್ಬರು ಮೂವರು ಇರುತ್ತಾರೆ. ಆಟ ಅವರ ಕೈಗೆ ಹೋಗುವುದು ಇಲ್ಲಿಂದಲೇ. ಬೆರಕೆ ಗುಂಪಿಗೆ 2.24 ಸರಿ, ಹನ್ನೆರಡರ ಒಳಗಿನ ಮಕ್ಕಳಿಗೆ 2 ಮೀಟರ್. ‘ಇದು ಹೆಂಗಸರ ನೆಟ್’ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅಟ್ಯಾಕ್ ಲೈನಿನ ಹಿಂದಿನಿಂದ ಸ್ಮ್ಯಾಶ್ ಹೊಡೆಯಲು ಹೇಳಿ, ಅವರಿಗೂ ಕೆಲಸ ಸಿಗುತ್ತದೆ.

ಚೆಂಡು

ಸುತ್ತಳತೆ 65–67 ಸೆಂ.ಮೀ., ತೂಕ 260–280 ಗ್ರಾಂ. ಗಾಳಿ ಚದರ ಸೆಂ.ಮೀ.ಗೆ 0.30–0.325 ಕೆ.ಜಿ., ಪಂಪಿನ ಮೀಟರಿನಲ್ಲಿ ನಾಲ್ಕೂವರೆ ಪಿಎಸ್‌ಐ ಆಸುಪಾಸು. ಸೈಕಲ್ ಅಂಗಡಿಯ ಕಂಪ್ರೆಸರಿನಲ್ಲಿ ತುಂಬಿಸಿದ ಚೆಂಡು ಕಲ್ಲಾಗುತ್ತದೆ. ಮೊದಲ ವಾರ ಮುಂಗೈ ಕೆಂಪಾಗಿ ಊದಿ ಹೊಸಬರು ಬಿಟ್ಟುಹೋಗುವುದಕ್ಕೆ ಇದು ದೊಡ್ಡ ಕಾರಣ. ಕೈಪಂಪಿನಿಂದ ಹಾಕಿ, ಸೂಜಿಗೆ ಎರಡು ಹನಿ ನೀರು ಹಚ್ಚಿಯೇ ಚುಚ್ಚಿ. ಒಣ ಸೂಜಿ ವಾಲ್ವ್ ಹರಿಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು. ಮಣ್ಣಿನ ಕೋರ್ಟಿಗೆ ಅಗ್ಗದ ರಬ್ಬರ್ ಚೆಂಡು ಬಾಳಿಕೆ ಬರುತ್ತದೆ, ಆದರೆ ಕೈಗೆ ಉರಿ. ಮೃದು ಹೊದಿಕೆಯದು ಒಂದು, ರಬ್ಬರಿನದು ಎರಡು ಇಟ್ಟುಕೊಳ್ಳಿ. ಮೂರು ಚೆಂಡು ಆಡಂಬರವಲ್ಲ. ಒಂದೇ ಇದ್ದರೆ ಹನ್ನೆರಡು ಜನ ಪೊದೆಯಲ್ಲಿ ಹುಡುಕುವವನಿಗಾಗಿ ಕಾಯುತ್ತಾರೆ.

ಮೊದಲ ತಿಂಗಳು ಮೈಯನ್ನು ಆಟಕ್ಕೆ ಹೇಗೆ ಇಳಿಸುವುದು

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ ಎಂದರೆ ಲೆಕ್ಕದಲ್ಲಿ 180 ನಿಮಿಷ. ಆದರೆ ಆರಾರು ಜನರ ಸೋಮಾರಿ ಆಟದಲ್ಲಿ ನಿಂತ ಸಮಯವೇ ಹೆಚ್ಚು, ಅದು ನಡಿಗೆಗಿಂತ ಹೆಚ್ಚಿನ ವ್ಯಾಯಾಮವಲ್ಲ. ಎಂಟು ಜನರೇ ಬಂದ ದಿನ ಕೋರ್ಟನ್ನು ಎರಡೂ ಕಡೆ 6 ಮೀಟರಿಗೆ ಮೊಟಕು ಮಾಡಿ ನಾಲ್ಕು ನಾಲ್ಕು ಜನ ಆಡಿ, ಮೈ ಬೆವರುವುದು ಆಗ.

ವರ್ಷಗಟ್ಟಲೆ ಕುರ್ಚಿ ಬಿಟ್ಟು ಏಳದವರು ಮೊದಲ ದಿನವೇ ಹಾರಿ ಹೊಡೆಯಬಾರದು. ಮೊದಲ ವಾರ ದಿನ ಬಿಟ್ಟು ದಿನ, ಅರ್ಧ ಗಂಟೆ, ಹಾರುವುದು ಪೂರ್ತಿ ಬಂದ್. ಎರಡನೇ ವಾರ ನಲವತ್ತು ನಿಮಿಷ. ಮೂರನೇ ವಾರ ಒಂದು ಗಂಟೆ, ಸಂಜೆಗೆ ಒಟ್ಟು ಹತ್ತು ಹದಿನೈದು ಸಣ್ಣ ಹಾರಾಟ. ನಾಲ್ಕನೇ ವಾರ ಪೂರ್ತಿ ಆಟ. ಆಡುತ್ತಲೇ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಶ್ರಮದ ಹದ ಅದು. ಮರುದಿನ, ಅದರ ಮರುದಿನ ತೊಡೆ ಬಿಗಿಯುವುದು ಸಹಜ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿಯ ಮೇಲಿನ ನರ ಚುಚ್ಚಿದರೆ, ಅಥವಾ ಮಂಡಿಚಿಪ್ಪಿನ ಕೆಳಗೆ ನೋವು ನಿಂತರೆ ಹಾರಾಟ ಹೆಚ್ಚಾಗಿದೆ ಎಂದರ್ಥ, ಒಂದು ವಾರ ಹಿಂದಕ್ಕೆ ಹೋಗಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೂ ಅದು ಗೊತ್ತಿರಲಿ.

ಆಟಕ್ಕೆ ಮುಂಚೆ ಎಂಟು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ಕೋರ್ಟಿನ ಸುತ್ತ ಐದು ಸುತ್ತು ನಿಧಾನ ಓಟ, ಗೆರೆಯುದ್ದಕ್ಕೆ ಪಕ್ಕಕ್ಕೆ ಸರಿದಾಟ, ಭುಜ ಮುಂದಕ್ಕೂ ಹಿಂದಕ್ಕೂ ಹತ್ತತ್ತು ಸುತ್ತು, ಹತ್ತು ಬೈಠಕ್, ಹದಿನೈದು ಸಲ ತುದಿಗಾಲು. ಊಟವಾಗಿ ಎರಡು ಗಂಟೆ ಕಳೆದಿರಬೇಕು, ಹಸಿವಿದ್ದರೆ ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಸಂಜೆ ಆರರ ಮುಂಚೆ ಬೇಡ. ನೀರು ಬಾಯಾರಿದಾಗಲ್ಲ, ಪ್ರತಿ ಸೆಟ್ಟಿಗೂ. ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ಮೀರಿಸುವ ಬಾಟಲಿ ಪಾನೀಯ ಇನ್ನೂ ಬಂದಿಲ್ಲ.

ಶೂ ವಿಷಯ ಚಿಕ್ಕದು: ಎತ್ತರ ಅಟ್ಟೆಯ ಓಟದ ಶೂ ಪಕ್ಕಕ್ಕೆ ಸರಿಯುವಾಗ ಮಗುಚುತ್ತದೆ, ಚಪ್ಪಟೆ ಅಟ್ಟೆಯ ಕ್ಯಾನ್ವಾಸ್ ಶೂ ವಾಸಿ. ಬರಿಗಾಲಲ್ಲಿ ಆಡುವವರು ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷದೊಳಗೆ ಹಾಕಿಸಿಕೊಂಡಿದ್ದಾರೋ ನೋಡಿಕೊಳ್ಳಲಿ.

ಕೈ ಕಲಿಸುವುದು

ಹೊಸಬರಿಗೆ ಮೊದಲು ಮುಂಗೈಯಿಂದ ಚೆಂಡು ಎತ್ತುವ ಅಂಡರ್‌ಹ್ಯಾಂಡ್. ಒಂದು ಅಂಗೈಯ ಮೇಲೆ ಇನ್ನೊಂದು, ಎರಡು ಹೆಬ್ಬೆರಳೂ ಪಕ್ಕಪಕ್ಕ ಸಮವಾಗಿ ಕೆಳಮುಖ. ಬೆರಳಿನೊಳಗೆ ಬೆರಳು ಹೆಣೆಯಬೇಡಿ, ಚೆಂಡು ತಾಗಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಮೊಣಕೈ ನೆಟ್ಟಗೆ, ಮಂಡಿ ಬಗ್ಗಿರಲಿ. ಚೆಂಡು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮುಂಗೈಯ ಒಳಭಾಗದ ಚಪ್ಪಟೆಗೆ ತಾಗಬೇಕು. ಮಣಿಕಟ್ಟಿನ ಮೂಳೆಗೆ ತಾಗಿದರೆ ನೋವೂ ಹೌದು, ಚೆಂಡು ದಿಕ್ಕಾಪಾಲಾಗುವುದೂ ಹೌದು. ತೋಳನ್ನು ಬೀಸುವುದೇ ಎಲ್ಲರ ತಪ್ಪು. ಕೈ ಹಲಗೆಯಂತೆ ಹಾಗೇ ಇರಬೇಕು, ಮೇಲೇಳಬೇಕಾದ್ದು ಮಂಡಿ. ಚೆಂಡು ಹಿಂದಕ್ಕೆ ಹಾರಿಹೋದರೆ ತೋಳು ಭುಜದ ಮಟ್ಟಕ್ಕಿಂತ ಮೇಲೆ ಹೋಗಿದೆ ಎಂದೇ ಲೆಕ್ಕ. ಇಬ್ಬರು 4 ಮೀಟರ್ ದೂರ ನಿಂತು, ಒಬ್ಬರು ಎಸೆದು ಇನ್ನೊಬ್ಬರು ಎತ್ತಿಕೊಡುವುದು ಹತ್ತರ ಮೂರು ಸುತ್ತು ಸಾಕು. ಹತ್ತರಲ್ಲಿ ಏಳು ಎಸೆದವರ ತಲೆಯ ಮೇಲೆ ಹೋದರೆ ಮುಂದಿನ ಪಾಠ.

ಬೆರಳುಗಳಿಂದ ಚೆಂಡನ್ನು ಮೇಲಕ್ಕೆ ಎತ್ತಿಕೊಡುವ ಲಿಫ್ಟ್ ಮಾಡುವಾಗ ಹತ್ತೂ ಬೆರಳು ಬಟ್ಟಲಿನಂತೆ, ಹೆಬ್ಬೆರಳು ತೋರುಬೆರಳುಗಳ ನಡುವೆ ತ್ರಿಕೋನ, ಹಣೆಯ ಮುಂದೆ. ಆ ತ್ರಿಕೋನದೊಳಗಿಂದ ಚೆಂಡು ಕಾಣಬೇಕು. ಹೆಬ್ಬೆರಳು ಚೆಂಡಿಗೆ ನೇರ ಮುಖಮಾಡಿದ್ದರೆ ಉಳುಕುತ್ತದೆ, ಅವು ನಿಮ್ಮ ಕಣ್ಣಿನತ್ತ ತಿರುಗಿರಲಿ. ಅಂಗೈ ಬಡಿದು ‘ಟಪ್’ ಎಂದರೆ ತಪ್ಪು. ಸರಿಯಾದ ಲಿಫ್ಟಿಗೆ ಸದ್ದಿಲ್ಲ.

ಸರ್ವೀಸ್ ಕೈ ಕೆಳಗಿನಿಂದಲೇ ಶುರು. ಎಡಗೈಯಲ್ಲಿ ಚೆಂಡನ್ನು ಸೊಂಟದ ಮಟ್ಟಕ್ಕೆ ಹಿಡಿದು, ಎಡಗಾಲು ಮುಂದಿಟ್ಟು, ಬಲ ಅಂಗೈಯ ಬುಡದಿಂದ ಹೊಡೆಯಿರಿ. ಹೊಡೆಯುವ ಗಳಿಗೆಗೆ ಸರಿಯಾಗಿ ಎಡಗೈ ತೆಗೆದುಬಿಡಬೇಕು. ಎಡಗೈಯರಿಗೆ ಇದೆಲ್ಲ ತಿರುಗುಮುರುಗು. ಚೆಂಡು ನೆಟ್ಟಿಗೆ ಬೀಳುತ್ತಿದ್ದರೆ ಬಲ ಹೆಚ್ಚಿಸುವ ಬದಲು ಮೂರು ಹೆಜ್ಜೆ ಮುಂದೆ ಬನ್ನಿ. ಮೊದಲ ತಿಂಗಳು ಕೋರ್ಟಿನ ಒಳಗಿನಿಂದ ಸರ್ವೀಸ್ ಮಾಡಿದರೆ ಆಕಾಶವೇನೂ ಬೀಳುವುದಿಲ್ಲ. ಸರ್ವೀಸ್ ದಾಟದೆ ಹೋದರೆ ಆಟವೇ ಇಲ್ಲ.

ಸ್ಮ್ಯಾಶನ್ನು ಯಾರಿಗೂ ಕಲಿಸಬೇಕಾಗಿಲ್ಲ, ತಡೆಯುವುದೇ ಕೆಲಸ. ಕಲಿಸಬೇಕಾದ್ದು ಇಳಿಯುವುದನ್ನು: ಎರಡೂ ಪಾದ ಒಟ್ಟಿಗೆ, ಮಂಡಿ ಬಗ್ಗಿಸಿ, ನೆಟ್ಟಿನಿಂದ ಒಂದು ತೋಳು ದೂರದಲ್ಲಿ.

ಮನೆಯ ಕಟ್ಟಳೆಗಳು

ನಿಯಮದಂತೆ ಸೆಟ್ಟಿಗೆ 25 ಪಾಯಿಂಟ್, ಸಂಜೆಯ ಆಟಕ್ಕೆ 15 ಸಾಕು. ಹತ್ತು ಹದಿನೈದು ನಿಮಿಷದಲ್ಲಿ ಮುಗಿದು ಹೊರಗೆ ಕೂತವರಿಗೆ ಸರದಿ ಬರುತ್ತದೆ. ಗೆದ್ದವರು ಒಳಗೇ ಉಳಿಯುವ ಪದ್ಧತಿಯನ್ನು ಮೊದಲು ಬಿಡಿ. ಕಲಿಯಬೇಕಾದವರನ್ನೇ ಅದು ಹೊರಗೆ ಕೂರಿಸುತ್ತದೆ. ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನೇ ಆರಿಸುವುದೂ ಬೇಡ, ಕೊನೆಗೆ ಉಳಿದವರು ಮರುದಿನ ಬರುವುದಿಲ್ಲ. ಸಾಲಾಗಿ ನಿಂತು ಒಂದು, ಎರಡು, ಒಂದು, ಎರಡು ಎಂದು ಎಣಿಸಿ, ಪ್ರತಿ ಸೆಟ್ಟಿಗೂ ಹೊಸದಾಗಿ.

ಒಬ್ಬರೇ ಸತತ ಮೂರು ಪಾಯಿಂಟ್ ಸರ್ವೀಸ್ ಮಾಡಿದರೆ ಚೆಂಡು ಮುಂದಿನವರಿಗೆ. ಮೂರು ಬೇರೆ ಬೇರೆ ಜನ ಮುಟ್ಟಿ ದಾಟಿಸಿ ಗೆದ್ದರೆ ಎರಡು ಪಾಯಿಂಟ್. ಈ ಒಂದು ಕಟ್ಟಳೆ ಹತ್ತು ಭಾಷಣಕ್ಕೆ ಸಮ: ಚೆನ್ನಾಗಿ ಆಡುವವರೇ ಹೊಸಬರಿಗೆ ಚೆಂಡು ಕೊಡಲು ಹುಡುಕತೊಡಗುತ್ತಾರೆ. ಸೈಡ್ ಔಟ್ ಆದಾಗ, ಅಂದರೆ ಸರ್ವೀಸ್ ಎದುರು ತಂಡದಿಂದ ನಿಮ್ಮ ತಂಡಕ್ಕೆ ಬಂದಾಗ, ಗಡಿಯಾರದ ಮುಳ್ಳಿನಂತೆ ಎಲ್ಲರೂ ಒಂದು ಸ್ಥಾನ ಸರಿಯಬೇಕು, ‘ನಾನು ಲಿಫ್ಟರ್, ಇಲ್ಲೇ ಇರ್ತೀನಿ’ ನಡೆಯುವುದಿಲ್ಲ. ನಿಯಮದಲ್ಲಿ ನಡುಗೆರೆಯ ಮೇಲೆ ಪಾದದ ಒಂದು ಭಾಗ ಉಳಿದಿದ್ದರೆ ತಪ್ಪಿಲ್ಲ, ಇಲ್ಲಿ ಬೆರಳು ದಾಟಿದರೂ ಪಾಯಿಂಟ್ ಹೋಯಿತು ಎಂದು ಇಟ್ಟುಕೊಳ್ಳಿ. ಈ ಆಟದಲ್ಲಿ ಕಣಕಾಲು ಉಳುಕುವುದು ಹೆಚ್ಚಾಗಿ ನೆಟ್ಟಿನ ಕೆಳಗೆ ಎದುರಿನವರ ಪಾದದ ಮೇಲೆ ಇಳಿದಾಗ. ಸೋತವರು ಚಹಾ ಕೊಡಿಸಲಿ, ಅದರಾಚೆಗಿನ ದುಡ್ಡಿನ ಪಂದ್ಯ ಬಂದ ದಿನ ಗುಂಪು ಎರಡಾಗುತ್ತದೆ.

ಹಾರುವುದು ಬೇಡವೆನ್ನುವವರಿಗೆ, ಕರ್ನಾಟಕದ ಶಾಲೆಗಳಲ್ಲಿ ಆಡಿ ಬೆಳೆದ ಹೆಣ್ಣುಮಕ್ಕಳಿಗೆ, ಇದೇ ಕೋರ್ಟಿನಲ್ಲಿ ಥ್ರೋಬಾಲ್ ಆಗುತ್ತದೆ. ಅದರ ನಿಜವಾದ ಕೋರ್ಟ್ 18.30 x 12.20 ಮೀಟರ್, ತಂಡಕ್ಕೆ ಏಳು ಜನ, ನೆಟ್ 2.20 ಮೀಟರ್. ಜಾಗ ಕಿರಿದಾದ್ದರಿಂದ ಇಲ್ಲಿ ಐದೈದು ಜನ ಸಾಕು. ಎರಡು ಕೈಯಲ್ಲಿ ಹಿಡಿ, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಭುಜದ ಮೇಲಿಂದ ಎಸೆ. ವಾರದ ಒಂದು ಸಂಜೆ ಇದಕ್ಕೆಂದೇ ಬಿಡಿ. ಉಳಿದ ಸಮಯದಲ್ಲಿ ಎಂದರೆ ಆ ಸಮಯ ಬರುವುದೇ ಇಲ್ಲ.

ಪೆಟ್ಟಾದಾಗ

ಕಣಕಾಲು ಉಳುಕಿದರೆ ಆಟ ನಿಲ್ಲಿಸಿ ಕೂರಿಸಿ, ಕಾಲು ಎತ್ತರಕ್ಕೆ ಇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ. ಎಣ್ಣೆ ಹಚ್ಚಿ ತಿಕ್ಕುವುದು, ‘ನರ ಕೂರಿಸುತ್ತೇನೆ’ ಎಂದು ಎಳೆಯುವುದು, ಬಿಸಿ ಶಾಖ, ಇವು ಮೊದಲ ಎರಡು ಮೂರು ದಿನ ಬೇಡವೇ ಬೇಡ, ಊತ ಇಮ್ಮಡಿಯಾಗುತ್ತದೆ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಕಣಕಾಲಿನ ಗಂಟು ಮೂಳೆ ಮುಟ್ಟಿದರೆ ನೋವಾದರೆ ಎಕ್ಸ್‌ರೇ ಬೇಕು. ಬೆರಳು ಉಳುಕಿದರೆ ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿ. ಸೊಟ್ಟಗಾಗಿದ್ದರೆ ಎಳೆಯದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿತ, ದವಡೆಗೋ ಎಡತೋಳಿಗೋ ಹಬ್ಬುವ ನೋವು, ತಣ್ಣನೆ ಬೆವರು ಕಂಡರೆ ‘ಗ್ಯಾಸ್ ಇರಬೇಕು’ ಎಂದು ಕೂರದೆ 108ಕ್ಕೆ ಕರೆ ಮಾಡಿ. ಆ ನಂಬರು, ಹತ್ತಿರದ ಆಸ್ಪತ್ರೆಯ ದಾರಿ, ಯಾರ ಕಾರು ಸಿಗುತ್ತದೆ ಎಂಬುದು ಮೂರು ಜನರಿಗಾದರೂ ಗೊತ್ತಿರಲಿ.

ದೀಪ ಮತ್ತು ಮಳೆಗಾಲ

ರಾತ್ರಿ ಆಟಕ್ಕೆ ದೀಪದ ಕಂಬಗಳನ್ನು ಪಕ್ಕದ ಗೆರೆಗಳಿಂದ ಮೂರ್ನಾಲ್ಕು ಮೀಟರ್ ಹೊರಗೆ, ಆರೇಳು ಮೀಟರ್ ಎತ್ತರಕ್ಕೆ ನಿಲ್ಲಿಸಿ. ಕೋರ್ಟಿನ ಕೊನೆಗಳ ಹಿಂದೆ ದೀಪ ಹಾಕಿದರೆ ಎದುರಿನವರಿಗೆ ಚೆಂಡಿನ ಬದಲು ಬೆಳಕೇ ಕಾಣುತ್ತದೆ. ನೂರೈವತ್ತು ವ್ಯಾಟಿನ ಎಲ್‌ಇಡಿ ನಾಲ್ಕು ಸಾಕಾಗುತ್ತವೆ. ಸಂಪರ್ಕ ಮೀಟರಿನಿಂದ, ಕರೆಂಟ್ ಸೋರಿದರೆ ತಾನೇ ಕಡಿತವಾಗುವ ಆರ್‌ಸಿಸಿಬಿ ಹಾಕಿಸಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಒದ್ದೆ ನೆಲದ ಮೇಲೆ ಕಬ್ಬಿಣದ ಕಂಬಕ್ಕೆ ಕೊಕ್ಕೆ ವೈರು ಜೀವ ತೆಗೆಯುವ ಕೆಲಸ.

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋರ್ಟಿನ ಆಸೆ ಬಿಡಿ. ಪಾಚಿ ಕಟ್ಟಿದ ನೆಲದ ಮೇಲೆ ಆಡಿದರೆ ನೆಲವೂ ಹಾಳು, ಸೊಂಟವೂ ಹಾಳು. ಅಂಗಳಕ್ಕೆ ಹೊದಿಸುವಂತೆ ಅಡಕೆ ಸೋಗೆ ಹೊದಿಸಿಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಮಳೆಗಾಲದಲ್ಲಿ ಜಗುಲಿಯ ಗೋಡೆಗೆ ಲಿಫ್ಟ್ ಅಭ್ಯಾಸ, ಹಗ್ಗದಾಟ, ಬೈಠಕ್ ನಡೆಯಲಿ. ದೀಪಾವಳಿಯ ಹೊತ್ತಿಗೆ ಸೋಗೆ ತೆಗೆದು, ಹುಲ್ಲು ಕೆತ್ತಿ, ತಗ್ಗು ತುಂಬಿ, ಮತ್ತೆ ಅದೇ ಹದದಲ್ಲಿ ಒಂದು ಸುತ್ತು ದಿಮ್ಮಸು.

ನೆಟ್ಟನ್ನು ಮೊದಲ ಮಳೆಗೇ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ. ಮಡಚಿ ಅಟ್ಟದ ಮೇಲಿಟ್ಟರೆ ಇಲಿ ಮೇಲಿನ ಪಟ್ಟಿಯನ್ನೇ ಹುಡುಕಿ ಕಡಿಯುತ್ತದೆ, ತೊಲೆಯಿಂದ ತಂತಿ ಕಟ್ಟಿ ತೂಗುಹಾಕಿ. ಟರ್ನ್‌ಬಕಲ್ಲಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಕಟ್ಟಿ, ಪೈಪಿನ ತಲೆಗೆ ಮುಚ್ಚಳ ಹಾಕಿ. ಚೆಂಡಿನ ಗಾಳಿಯನ್ನು ಅರ್ಧ ಇಳಿಸಿ ಒಣ ಜಾಗದಲ್ಲಿಡಿ. ಅಳತೆಯ ಬಿದಿರುಕೋಲನ್ನು ಹೊರಗೆ ಬಿಟ್ಟರೆ ಅದು ಬೇಲಿಗೆ ಹೋಗುತ್ತದೆ, ಒಳಗೆ ತೆಗೆದಿಡಿ.